ಹನ್ನೊಂದನೇ ಕಂಬದ ರೆಗ್ಯುಲೇಟರ್

ಗುರುವಾರ ಮಧ್ಯಾಹ್ನ ಒಂದೂವರೆಗೆ ಕೀಲಿಕೈ ಓಡಿಬಂದಾಗ ಅತ್ತಿಗೆ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ನಾದಿನಿಯ ತಟ್ಟೆಯಲ್ಲಿ ಇನ್ನೂ ಅರ್ಧ ಊಟವಿತ್ತು. ಕೀಲಿಕೈ ಅಂದರೆ ಗಾಲಿಯ ಮೇಲಿನ ಮನೆಗಳು ನಿಲ್ಲುವ ಟ್ರೇಲರ್ ತಂಗುದಾಣದ ಮೇಲ್ವಿಚಾರಕ. ಹದಿನೆಂಟು ವರ್ಷ ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡು ಝಣಝಣ ಓಡಾಡಿದ್ದಕ್ಕೆ ಜನ ಕೊಟ್ಟ ಬಿರುದು ಅದು. ಓಡುವ ಜಾಯಮಾನದವನಲ್ಲ. ಅವತ್ತು ಓಡಿದ್ದ.

"ಅತ್ತಿಗೆ, ಹನ್ನೊಂದನೇ ನಂಬರಿನ ಬಾಗಿಲಡಿಯಿಂದ ನೀರು ಸುರೀತಿದೆ. ಒಳಗೆ ಯಾರೂ ಇಲ್ಲ."

ಅವನಿಗೆ ಅತ್ತಿಗೆ ಅಣ್ಣನ ಹೆಂಡತಿಯೇನೂ ಅಲ್ಲ. ತಂಗುದಾಣದ ಮೂವತ್ತು ಟ್ರೇಲರುಗಳಲ್ಲಿ ಅವರನ್ನು ಹಾಗೆ ಕರೆಯುವ ಹಕ್ಕಿದ್ದದ್ದು ನಾದಿನಿ ಒಬ್ಬಳಿಗೇ. ಅಣ್ಣ ತೀರಿಕೊಂಡ ಮೇಲೆ ಇಬ್ಬರೂ ಒಂದೇ ಟ್ರೇಲರಿನಲ್ಲಿ, ಒಂದೇ ಒಲೆಯಲ್ಲಿ, ದಿನಕ್ಕೆ ನಾಲ್ಕು ಜಗಳದಂತೆ ಆರು ವರ್ಷ ಸಂಸಾರ ನಡೆಸಿದ್ದರು. ಅವಳು ಕರೆಯುತ್ತ ಕರೆಯುತ್ತ ಅದು ಎಲ್ಲರ ಬಾಯಿಗೂ ಬಂತು. ಮೊದಮೊದಲು ನಾದಿನಿಗೆ ಹೊಟ್ಟೆಕಿಚ್ಚಾಗಿತ್ತು. ಆಮೇಲೆ ರೂಢಿಯಾಯಿತು.

ಅತ್ತಿಗೆ ಮೂವತ್ತು ವರ್ಷ ವಿಮೆ ಕಂಪನಿಯೊಂದರಲ್ಲಿ ಸರ್ವೇಯರ್ ಆಗಿದ್ದವರು. ಜಖಂ ಆದ ಗಾಡಿಗಳನ್ನು ನೋಡಿ, ಅದು ಹೇಗೆ ಜಖಂ ಆಯಿತು, ಮಾಲೀಕರು ಹೇಳುತ್ತಿರುವುದರಲ್ಲಿ ಎಷ್ಟು ನಿಜ ಎಂದು ಬರೆದು ಕೊಡುವ ಕೆಲಸ. ನಿವೃತ್ತಿಯಾದ ಮೇಲೂ ಆ ಚಾಳಿ ಹೋಗಲಿಲ್ಲ. ತಂಗುದಾಣದಲ್ಲಿ ಸೈಕಲ್ ಕಳೆದರೆ, ಬೆಕ್ಕು ಕಾಣೆಯಾದರೆ, ಯಾರದೋ ಗ್ಯಾಸು ಸಿಲಿಂಡರು ಇನ್ಯಾರದೋ ಟ್ರೇಲರಿಗೆ ಹೋಗಿ ಕೂತರೆ ಜನ ಪೊಲೀಸರ ಹತ್ತಿರ ಹೋಗುತ್ತಿರಲಿಲ್ಲ, ಇವರ ಬಾಗಿಲಿಗೆ ಬರುತ್ತಿದ್ದರು. ಜೊತೆಗೆ ಹೋಗುವುದು, ಕೇಳಬೇಕಾದವರನ್ನು ಕೇಳಿ ಬರುವುದು, ಬೈಸಿಕೊಳ್ಳುವುದು ನಾದಿನಿಯ ಪಾಲು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು, ಒಮ್ಮೆ ಕೇಳಿದ ಮಾತನ್ನು ಒಂದಕ್ಷರ ಬಿಡದೆ ತಿರುಗಿ ಹೇಳಬಲ್ಲಳು. ಆ ಗುಣವನ್ನು ಅತ್ತಿಗೆ ಬೇಕಾದಾಗ ಹೊಗಳುತ್ತಿದ್ದರು, ಬೇಡವಾದಾಗ ಚಾಡಿ ಬುದ್ಧಿ ಎನ್ನುತ್ತಿದ್ದರು.

ಹನ್ನೊಂದನೇ ನಂಬರಿಗೆ ಹೋದವರೇ ಅತ್ತಿಗೆ ಬಾಗಿಲ ಕಡೆ ನೋಡಲಿಲ್ಲ. ಹಿಂಬದಿಗೆ ಹೋಗಿ ನಲ್ಲಿ ಕಂಬದ ತಿರುಪು ಮುಚ್ಚಿದರು. ಆಮೇಲೆ ಕರೆಂಟಿನ ದಪ್ಪ ವೈರನ್ನು ಕಂಬದಿಂದ ಕಿತ್ತರು. ಆಮೇಲೆ ಗಾಲಿಗಳಿಗೆ ಅಡ್ಡ ಕೊಟ್ಟ ಮರದ ತುಂಡುಗಳು ಸರಿಯಾಗಿವೆಯೇ ಎಂದು ಬಗ್ಗಿ ನೋಡಿದರು. ನಾದಿನಿ ಅಷ್ಟರಲ್ಲಿ ಬಾಗಿಲು ಜಗ್ಗಿ ನೋಡಿ, ಬೀಗ ಹಾಕಿದೆ ಎಂದು ಮೂರು ಸಲ ಹೇಳಿದ್ದಳು.

ಆ ಟ್ರೇಲರಿನವರು ಬಂದು ಆರೇ ದಿನವಾಗಿತ್ತು. ಗಂಡ ಹೋಟೆಲುಗಳ ಬಟ್ಟೆಯನ್ನು ಲಾಂಡ್ರಿಗೆ ಸಾಗಿಸುವ ವ್ಯಾನಿನವನು. ಹೆಂಡತಿ ಟೈಲರಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಜೊತೆಗೆ ಗಂಡನ ಅಪ್ಪ, ನಲವತ್ತು ವರ್ಷ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದು ರಟ್ಟು ಹಾಕಿದ ಬೈಂಡರ್ ಅಜ್ಜ. ಮೂವರೂ ಉಳಿಸಿದ್ದನ್ನೆಲ್ಲ ಸುರಿದು ಕೊಂಡ ಹಳೆಯ ಟ್ರೇಲರು ಅದು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದು ಸಾಕಾದವರಿಗೆ ಸ್ವಂತದ್ದು ಅಂತ ಇದ್ದ ಮೊದಲ ಸೂರು.

ಬಂದ ದಿನದ ಅವರ ಅವಾಂತರ ಇಡೀ ತಂಗುದಾಣಕ್ಕೆ ಪುಕ್ಕಟೆ ನಾಟಕವಾಗಿತ್ತು. ಗಾಲಿಗೆ ಅಡ್ಡ ಕೊಡದೆಯೇ ವ್ಯಾನಿನಿಂದ ಟ್ರೇಲರ್ ಬಿಚ್ಚಲು ಹೊರಟಿದ್ದ ಮಗನ ಕೈಯನ್ನು ಅತ್ತಿಗೆಯೇ ಹಿಡಿದು ನಿಲ್ಲಿಸಿದ್ದರು. ನೆಲದ ಮೇಲೆ ತಟ್ಟೆಯಲ್ಲಿ ನೀರಿಟ್ಟು, ನೀರು ಒಂದೇ ಕಡೆ ಸರಿಯುತ್ತಿದೆ ನೋಡು, ಮಟ್ಟ ಮಾಡದಿದ್ದರೆ ನಿನ್ನ ಗ್ಯಾಸಿನ ಫ್ರಿಜ್ಜು ತಣ್ಣಗಾಗುವುದಿಲ್ಲ ಎಂದು ತೋರಿಸಿಕೊಟ್ಟಿದ್ದರು. ಮಗ ಎಲ್ಲದಕ್ಕೂ "ಗೊತ್ತು, ಗೊತ್ತು, ಪುಸ್ತಕದಲ್ಲಿ ಓದಿದೀನಿ" ಎನ್ನುತ್ತಿದ್ದ. ಪುಸ್ತಕವೇನೋ ಇತ್ತು. ಟ್ರೇಲರಿನ ಜೊತೆ ಬಿಡಿ ಹಾಳೆಗಳ ಕಂತೆಯಾಗಿ ಬಂದದ್ದನ್ನು ಅಜ್ಜ ಎರಡು ದಿನ ಕೂತು ಹೊಲಿದು, ಕೆಂಪು ಬಟ್ಟೆಯ ರಟ್ಟು ಹಾಕಿಕೊಟ್ಟಿದ್ದರು. ಸೊಸೆ ಅದನ್ನು ಕೊಳೆಯಾಗದಂತೆ ಟವೆಲಿನಲ್ಲಿ ಸುತ್ತಿ ಮೇಲಿನ ಹಲಗೆಯ ಮೇಲಿಟ್ಟಿದ್ದಳು.

ಎರಡಕ್ಕೆ ಸೊಸೆ ಬಂದಳು. ಬಾಗಿಲು ತೆಗೆದಾಗ ಕಣಕಾಲು ಮುಳುಗುವಷ್ಟು ನೀರು ಮೆಟ್ಟಿಲಿಳಿದು ಹೋಯಿತು. ಸಿಂಕಿನ ಕೆಳಗಿನ ಪೈಪಿನ ಜೋಡಣೆ ಬಿಟ್ಟುಕೊಂಡಿತ್ತು. ಪ್ಲೈವುಡ್ಡಿನ ನೆಲ ಅಲ್ಲಲ್ಲಿ ಉಬ್ಬಿ ಮೇಲೆದ್ದಿತ್ತು. ಸೊಸೆಯ ಹೊಲಿಗೆ ಯಂತ್ರದ ಕಾಲುಗಳು, ಕೆಳಗಿನ ಹಾಸಿಗೆ, ಅಜ್ಜನ ಪೆಟ್ಟಿಗೆ ಎಲ್ಲ ನೀರಿನಲ್ಲಿದ್ದವು. ಮೇಲಿನ ಹಾಸಿಗೆಯೊಂದೇ ಒಣಗಿತ್ತು. ಅದರ ಮೇಲೆ ಎರಡು ದೊಡ್ಡ ಹೊದಿಕೆಗಳನ್ನು ಅಂಚಿಗೆ ಅಂಚು ಕೂಡಿಸಿ, ಮಡಿಕೆಯ ಮೇಲೆ ಉಗುರಿನಿಂದ ಗೀರಿ, ಚೌಕಾಕಾರಕ್ಕೆ ಮಡಿಸಿ ಇಟ್ಟಿತ್ತು. ಇಂಥ ಹೊತ್ತಿನಲ್ಲೂ ನಾದಿನಿಗೆ, ಹುಡುಗಿ ಎಷ್ಟು ಚೆನ್ನಾಗಿ ಬಟ್ಟೆ ಮಡಿಸ್ತಾಳೆ ಎನ್ನಿಸಿತು. ಸೊಸೆ ಆ ಹೊದಿಕೆಗಳನ್ನೇ ನೋಡುತ್ತ ನಿಂತಳು. ಮುಖ ಬಿಳಿಚಿಕೊಂಡಿತು. ನೆಲ ನೋಡಿ ಹೆದರಿದ್ದಾಳೆ ಎಂದು ನಾದಿನಿ ಅಂದುಕೊಂಡಳು.

ಅಷ್ಟರಲ್ಲಿ ವ್ಯಾನು ಬಂತು. ಮಗ ಇಳಿದು, ಒಳಗೆ ಒಂದು ಸಲ ನೋಡಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತ. ಅಳಲಿಲ್ಲ, ಬೈಯಲಿಲ್ಲ.

ಅತ್ತಿಗೆ ಮಾತ್ರ ನಲ್ಲಿ ಕಂಬದ ಹತ್ತಿರವೇ ಮಂಡಿಯೂರಿ ಕೂತಿದ್ದರು. ಆ ತಂಗುದಾಣದ ನಲ್ಲಿಯಲ್ಲಿ ನೀರಿನ ಒತ್ತಡ ವಿಪರೀತ. ಟ್ರೇಲರಿನ ಒಳಗಿನ ಪೈಪುಗಳು ಸಪೂರ, ಅಷ್ಟು ಒತ್ತಡ ತಡೆಯುವುದಿಲ್ಲ. ಅದಕ್ಕೆ ಕಂಬದ ನಲ್ಲಿಗೂ ಹೋಸ್ ಪೈಪಿಗೂ ನಡುವೆ ಮುಷ್ಟಿಗಾತ್ರದ ಹಿತ್ತಾಳೆಯ ರೆಗ್ಯುಲೇಟರ್ ಹಾಕಬೇಕು. ನೀರನ್ನು ಹದಕ್ಕೆ ತಂದು ಒಳಗೆ ಬಿಡುವುದು ಅದರ ಕೆಲಸ. ಹನ್ನೊಂದನೇ ಕಂಬದಲ್ಲಿ ಅದು ಇರಲಿಲ್ಲ. ಹೋಸ್ ಪೈಪನ್ನು ನೇರವಾಗಿ ನಲ್ಲಿಗೆ ಸಿಕ್ಕಿಸಿತ್ತು.

"ಯಾರೋ ಬಿಚ್ಕೊಂಡು ಹೋಗಿದಾರೆ" ಎಂದರು ಅತ್ತಿಗೆ.

ಮಗ ತಲೆಯೆತ್ತಿ ಕೀಲಿಕೈಯನ್ನು ನೋಡಿದ. ಅವನ ಶೆಡ್ಡಿನಲ್ಲಿ ಒಂದು ಡಬ್ಬಿ ತುಂಬ ಅಂಥವೇ ರೆಗ್ಯುಲೇಟರುಗಳಿದ್ದದ್ದನ್ನು ಬಂದ ದಿನವೇ ಕಂಡಿದ್ದ. ಕೀಲಿಕೈ ತಾನು ಬೆಳಿಗ್ಗೆ ಎಂಟೂವರೆಯ ಸುತ್ತಿನಲ್ಲಿ ಎಲ್ಲ ಕಂಬ ನೋಡಿದ್ದಾಗಿ, ಆಗ ಅದು ಅಲ್ಲೇ ಇದ್ದುದಾಗಿ ಹೇಳಿದ. ಟ್ರೇಲರಿನ ಪಕ್ಕದ ಬಟ್ಟೆ ಚಪ್ಪರವೂ ಸುತ್ತಿಡದೆ ಬಿಚ್ಚಿಯೇ ಇತ್ತು, ಗಾಳಿ ಎದ್ದರೆ ಹರಿಯುತ್ತೆ ಎಂದು ಸಂಜೆ ಬೈಯಬೇಕೆಂದುಕೊಂಡಿದ್ದೆ ಎಂದೂ ಸೇರಿಸಿದ. ಡಬ್ಬಿಯಲ್ಲಿದ್ದವು ತಂಗುದಾಣ ಬಿಟ್ಟು ಹೋದವರು ಮರೆತವು ಎಂದ. ಮಗ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಸೊಂಟದಲ್ಲಿ ಅಷ್ಟೊಂದು ಕೀಲಿ ಇರುವವನಿಗೆ ಯಾವ ಬಾಗಿಲು ತಾನೇ ದೂರ ಎಂದ. ಪೊಲೀಸರನ್ನೇ ಕರೆಯುತ್ತೇನೆ ಎಂದು ಫೋನು ತೆಗೆದ. ಹದಿನೆಂಟು ವರ್ಷದಲ್ಲಿ ಯಾರಿಂದಲೂ ಕಳ್ಳ ಎನ್ನಿಸಿಕೊಳ್ಳದ ಕೀಲಿಕೈ ಸೊಂಟದ ಗೊಂಚಲು ಬಿಚ್ಚಿ ಮೆಟ್ಟಿಲ ಮೇಲಿಟ್ಟ.

ಆಗ ಸೊಸೆ ಹೇಳಿದಳು. "ರೀ, ಫೋನ್ ಇಡಿ. ಅವರಲ್ಲ. ನಾನೇ ತೆಗೆದಿದ್ದು."

ಬೆಳಿಗ್ಗೆ ಏಳಕ್ಕೆ ತೊಳೆಯೋಣವೆಂದು ಬಿಚ್ಚಿದ್ದಂತೆ. ಅಂಗಡಿಗೆ ಹೊತ್ತಾಯಿತೆಂದು ವಾಪಸು ಹಾಕಲು ಮರೆತಳಂತೆ. ಎಲ್ಲಿಟ್ಟಳೋ ನೆನಪಿಲ್ಲವಂತೆ. ಮಗ ಫೋನು ಜೇಬಿಗೆ ಹಾಕಿಕೊಂಡ. ಆಮೇಲೆ ಕೀಲಿಕೈಗೆ ಒಂದು ಮಾತೂ ಹೇಳದೆ, ಹೆಂಡತಿಗೂ ಹೇಳದೆ, ಬಕೆಟ್ಟು ತೆಗೆದುಕೊಂಡು ನೀರು ಎತ್ತಿ ಹಾಕತೊಡಗಿದ. ಸಂಜೆಯ ಹೊತ್ತಿಗೆ, ಟ್ರೇಲರನ್ನು ಬಂದ ಬೆಲೆಗೆ ಮಾರುತ್ತೇನೆ, ಇದು ನಮ್ಮಂಥವರ ಕೈಗೆ ಹತ್ತುವ ವಸ್ತುವಲ್ಲ ಎಂದ.

ಅಜ್ಜನಿಗೆ ಸುದ್ದಿ ಮುಟ್ಟಿಸುವುದು ಬೇಡವೆಂದು ಅವನೇ ಹೇಳಿದ. ಅವರು ಅವತ್ತೇ ಬೆಳಿಗ್ಗೆ ಎಂಟರ ಬಸ್ಸಿಗೆ ತಮ್ಮ ತಂಗಿಯ ಮನೆಗೆ ಹೊರಟಿದ್ದರು. ಮುಕ್ಕಾಲು ಗಂಟೆ ಹಾದಿ. ಮಾರನೇ ದಿನ ಸಂಜೆ ವಾಪಸು. ಸೊಸೆ ಏಳೂವರೆಗೇ ಅಂಗಡಿಗೆ ಹೋಗಿದ್ದಳು. ಆಮೇಲೆ ಬಾಗಿಲಿಗೆ ಬೀಗ ಹಾಕಿ, ಅಜ್ಜನನ್ನು ಬಸ್‌ಸ್ಟಾಪಿನಲ್ಲಿ ಇಳಿಸಿ ಮಗ ಕೆಲಸಕ್ಕೆ ಹೋದದ್ದು ಎಂಟಕ್ಕೆ ಹತ್ತು ನಿಮಿಷ ಇದ್ದಾಗ.

ನಾದಿನಿಯ ಮಟ್ಟಿಗೆ ಅಲ್ಲಿಗೆ ಎಲ್ಲ ಮುಗಿದಿತ್ತು. ಹುಡುಗಿ ಮರೆತಳು, ಪೈಪು ಒಡೆಯಿತು, ಪಾಪ. ಮನೆಗೆ ಬಂದು ಆರಿದ ಊಟ ಬಿಸಿ ಮಾಡಿಕೊಂಡಳು. ಅತ್ತಿಗೆ ಕೈಬೆರಳಲ್ಲಿ ಏನನ್ನೋ ಹೊಸೆಯುತ್ತ ಕೂತಿದ್ದರು. ನೋಡಿದರೆ ಎರಡು ಮೊಳ ದಾರ.

"ನಲ್ಲಿ ಕಂಬದಲ್ಲಿ ಸಿಕ್ತು. ಹೋಸಿನ ಬಾಯಲ್ಲಿ ವಾಷರ್ ಇರ್ಲಿಲ್ಲ ಕಣೇ. ಅದು ರೆಗ್ಯುಲೇಟರ್ ಜೊತೇನೇ ಹೋಗಿದೆ. ನೀರು ಜಿನುಗದೇ ಇರ್ಲಿ ಅಂತ ತಿರುಪಿನ ಮೇಲೆ ಇದನ್ನ ಒಂಬತ್ತು ಸುತ್ತು ಸುತ್ತಿದಾರೆ. ಒಂದರ ಪಕ್ಕ ಒಂದು, ಎಲ್ಲೂ ಮೇಲೆ ಬಿದ್ದಿಲ್ಲ. ಮುಟ್ಟಿ ನೋಡು."

ದಾರ ದಪ್ಪಗಿತ್ತು, ಬೆರಳಿಗೆ ಜಿಡ್ಡು ಜಿಡ್ಡಾಗಿ ಅಂಟಿತು. ಟೈಲರ್ ಹುಡುಗಿಯ ಹತ್ತಿರ ದಾರಕ್ಕೇನು ಬರವೇ ಎಂದಳು ನಾದಿನಿ. ಅತ್ತಿಗೆ ದಾರ ವಾಪಸು ತೆಗೆದುಕೊಂಡು, ಮಧ್ಯಾಹ್ನ ನಾವು ಹೋದಾಗ ಬಟ್ಟೆ ಚಪ್ಪರ ಹೇಗಿತ್ತು ಎಂದು ಕೇಳಿದರು. ನಾದಿನಿ ಯೋಚಿಸಿದಳು. ಸುತ್ತಿ, ಎರಡೂ ತುದಿಗೆ ಗಂಟು ಹಾಕಿ ಕಟ್ಟಿತ್ತು. ಕೀಲಿಕೈ ಎಂಟೂವರೆಗೆ ಬಿಚ್ಚಿತ್ತು ಅಂದಿದ್ದ. ಹೌದಲ್ಲ ಎಂದುಕೊಂಡಳು, ಆದರೆ ಆ ಹೌದಲ್ಲ ಅವಳನ್ನು ಎಲ್ಲಿಗೂ ಕೊಂಡೊಯ್ಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಅತ್ತಿಗೆ ಅವಳಿಗೆ ಎರಡು ಕೆಲಸ ಹಚ್ಚಿದರು. ಮೊದಲನೆಯದು, ಪಕ್ಕದ ಟ್ರೇಲರಿನ ಲಾರಿಯಣ್ಣನನ್ನು ಮಾತಾಡಿಸುವುದು. ನಿವೃತ್ತ ಲಾರಿ ಡ್ರೈವರು. ಹೊಸಬರು ಬಂದ ಮೇಲೆ ತನ್ನ ನಲ್ಲಿಯಲ್ಲಿ ನೀರು ಕಡಿಮೆಯಾಯಿತೆಂದು ಮಗನ ಜೊತೆ ಜಟಾಪಟಿ ಮಾಡಿದ್ದವನು. ನಾದಿನಿಗೆ ಅವನ ಮೇಲೂ ಒಂದು ಅನುಮಾನವಿತ್ತು. ಹೋಗಿ ನೋಡಿದರೆ ಬಲಗೈಗೆ ಹೆಗಲಿನಿಂದ ಬೆರಳಿನ ತನಕ ಪ್ಲಾಸ್ಟರು. ಬುಧವಾರ ಮೆಟ್ಟಿಲಿನಿಂದ ಜಾರಿದ್ದನಂತೆ. ನಿನ್ನೆ ಇಡೀ ದಿನ ನೋವಿನ ಮಾತ್ರೆ ನುಂಗಿ ಮಲಗಿದ್ದೆ, ಗಾಳಿ ಎದ್ದಾಗ ಪಕ್ಕದವರ ಚಪ್ಪರ ಪಟಪಟ ಬಡಿದುಕೊಂಡು ನಿದ್ದೆ ಕೆಟ್ಟಿತು, ಆಮೇಲೆ ಒಂಬತ್ತೂಕಾಲರ ಸುಮಾರಿಗೆ ಯಾರೋ ಕಿರ್ರನೆ ಹಿಡಿ ತಿರುಗಿಸಿ ಸುತ್ತಿದ ಸದ್ದಾಯಿತು, ಸದ್ಯ ಎಂದು ಮಗ್ಗುಲಾದೆ ಎಂದ.

ಎರಡನೆಯದು, ಬಸ್‌ಸ್ಟಾಪಿನ ಪೇಪರ್ ಅಂಗಡಿಯಾಕೆಯನ್ನು ಒಂದೇ ಒಂದು ಪ್ರಶ್ನೆ ಕೇಳಿ ಬರುವುದು. ನಿನ್ನೆ ಎಂಟರ ಬಸ್ಸು ಎಷ್ಟಕ್ಕೆ ಬಂತು? ಬಿಸಿಲಲ್ಲಿ ಹತ್ತು ನಿಮಿಷ ನಡೆದು ಹೋಗಿ ಇದನ್ನು ಕೇಳುವುದು ನಾದಿನಿಗೆ ಶುದ್ಧ ಕೆಲಸಗೇಡಿತನ ಎನ್ನಿಸಿತು. ಅಂಗಡಿಯಾಕೆ, ಟೈರು ಪಂಕ್ಚರ್ ಆಗಿ ಒಂಬತ್ತೂವರೆಗೆ ಬಂತು, ಕಾದವರೆಲ್ಲ ಡ್ರೈವರಿಗೆ ಸಹಸ್ರನಾಮ ಹಾಡಿದರು ಎಂದಳು.

ಅವಳು ವಾಪಸು ಬಂದಾಗ ಸೊಸೆ ಅತ್ತಿಗೆಯ ಎದುರು ಕೂತಿದ್ದಳು. ಕಣ್ಣು ಕೆಂಪಗಾಗಿದ್ದವು. ಇದನ್ನ ಇಲ್ಲಿಗೇ ಬಿಟ್ಬಿಡಿ ಎಂದು ಕೇಳಿಕೊಳ್ಳಲು ಬಂದಿದ್ದಳು. ಅತ್ತಿಗೆ ಅವಳ ಬೆನ್ನು ಸವರಿ, ಆ ರೆಗ್ಯುಲೇಟರ್ ಹೇಗೆ ಬಿಚ್ಚಿದೆ, ಒಂದು ಸಲ ತೋರ್ಸಮ್ಮ ಎಂದು ಒಂದು ಹಳೆಯ ನಲ್ಲಿ ಜೋಡಣೆ ಮುಂದಿಟ್ಟರು. ಹುಡುಗಿ ಕೈ ತಿರುಗಿಸಿದಳು. ತಿರುಪು ಇನ್ನೂ ಬಿಗಿಯಾಯಿತು.

"ಬಿಡೋಕಾಗಲ್ಲಮ್ಮ. ಕೀಲಿಕೈ ನಿನ್ನೆಯಿಂದ ಅನ್ನ ಮುಟ್ಟಿಲ್ಲ. ನಿನ್ನ ಗಂಡ ನಿನ್ನ ಮುಖ ನೋಡ್ತಿಲ್ಲ. ಸಂಜೆ ಐದಕ್ಕೆ ನಿಮ್ಮನೆ ಮುಂದೆ ಕುರ್ಚಿ ಹಾಕ್ಸು" ಎಂದು ಅತ್ತಿಗೆ ಹೇಳಿದರು. ಹೋಗುವಾಗ ಆ ಟವೆಲಿನಲ್ಲಿ ಸುತ್ತಿಟ್ಟ ಪುಸ್ತಕ ತಂದುಕೊಡು ಎಂದೂ ಹೇಳಿದರು.

ಐದಕ್ಕೆ ಎಲ್ಲರೂ ಸೇರಿದರು. ಚಪ್ಪರ ಬಿಚ್ಚಿತ್ತು. ಅದರ ಪಕ್ಕದಲ್ಲಿ ಹಾಸಿಗೆಯನ್ನು ಗೋಡೆಗೆ ಒರಗಿಸಿ ಒಣಹಾಕಿತ್ತು. ಮಗ ಒಂದು ತುದಿಯಲ್ಲಿ, ಸೊಸೆ ಇನ್ನೊಂದು ತುದಿಯಲ್ಲಿ. ಕೀಲಿಕೈ ಕೂರಲು ಒಪ್ಪದೆ ನಿಂತೇ ಇದ್ದ. ಲಾರಿಯಣ್ಣ ಪ್ಲಾಸ್ಟರಿನ ಕೈಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಮುಂದಿನ ಕುರ್ಚಿಯಲ್ಲೇ ಕೂತ.

ಅತ್ತಿಗೆ ಮೊದಲು ಕೀಲಿಕೈಯ ವಿಷಯ ತೆಗೆದರು. ಅವನು ಬಳಸುವುದು ಹಲ್ಲಿರುವ ದೊಡ್ಡ ಪೈಪ್ ಸ್ಪ್ಯಾನರು, ಅದರಿಂದ ಬಿಚ್ಚಿದ್ದರೆ ಹಿತ್ತಾಳೆ ನಲ್ಲಿಯ ಮೇಲೆ ಕಚ್ಚಿದ ಗುರುತಿರಬೇಕು, ಒಂದೂ ಇಲ್ಲ. ಬರೀ ಕೈಯಲ್ಲಿ ಬಿಚ್ಚಿದ್ದು ಅದು. ಎರಡನೆಯದಾಗಿ, ಅವನ ಗೊಂಚಲಿನಲ್ಲಿ ಗೇಟು, ಶೆಡ್ಡು, ಪಂಪುಮನೆಗಳ ಕೀಲಿಗಳಿವೆ, ಯಾರ ಟ್ರೇಲರಿನದೂ ಇಲ್ಲ. ತಾವೇ ಒಂದೊಂದನ್ನೂ ನೋಡಿದ್ದರು. ಕೀಲಿ ಇಲ್ಲದಿದ್ದರೆ ಏನಾಯಿತು, ನಲ್ಲಿ ಹೊರಗಿದೆಯಲ್ಲ ಎಂದ ಮಗ.

"ನಲ್ಲಿ ಹೊರಗಿದೆ. ಹೊದಿಕೆ ಒಳಗಿದ್ವು" ಎಂದರು ಅತ್ತಿಗೆ. "ನಿನ್ನೆ ಬೆಳಿಗ್ಗೆ ಹೊದಿಕೆ ಎಲ್ಲಿತ್ತಪ್ಪ?"

ಮಗ ನೆನಪು ಮಾಡಿಕೊಂಡ. ಒಗೆದು ಚಪ್ಪರದ ಕೆಳಗೆ ಒಣಹಾಕಿತ್ತು. ಇನ್ನೂ ಸ್ವಲ್ಪ ಹಸಿ ಇದ್ದವು. ಅದಕ್ಕೇ ಚಪ್ಪರ ಬಿಚ್ಚಿಟ್ಟು ಹೋಗಿದ್ದ.

ಅತ್ತಿಗೆ ಒಂದೊಂದಾಗಿ ಬಿಡಿಸಿಟ್ಟರು. ಗಾಳಿ ಎದ್ದದ್ದು ಒಂಬತ್ತಕ್ಕೆ. ಒಂಬತ್ತೂಕಾಲಿಗೆ ಯಾರೋ ಬಂದು ಚಪ್ಪರ ಸುತ್ತಿ ಕಟ್ಟಿದರು, ಲಾರಿಯಣ್ಣ ಕೇಳಿಸಿಕೊಂಡಿದ್ದಾನೆ. ಹೊದಿಕೆ ತೆಗೆದರು. ಬೀಗ ತೆಗೆದು ಒಳಗಿಟ್ಟು, ಮಡಿಸಿ, ಮತ್ತೆ ಬೀಗ ಹಾಕಿ ಹೋದರು. ಕದಿಯಲು ಬಂದವನು ಮನೆಯವರ ಬಟ್ಟೆ ಒಳಗಿಟ್ಟು ಹೋಗುವುದಿಲ್ಲ. ಈ ಟ್ರೇಲರನ್ನು ತನ್ನದು ಅಂದುಕೊಂಡವರು, ಅದರ ಕೀಲಿ ಇದ್ದವರು ಮಾಡಿದ ಕೆಲಸ ಅದು. ಕೀಲಿ ಇರುವುದು ಮೂವರ ಹತ್ತಿರ. ಮಗ ಆ ಹೊತ್ತಿಗೆ ಲಾಂಡ್ರಿಯಲ್ಲಿ ಬಟ್ಟೆ ಇಳಿಸುತ್ತಿದ್ದ, ಅಲ್ಲಿ ಸಹಿ ಹಾಕಿದ್ದಾನೆ. ಸೊಸೆ ಏಳಕ್ಕೆ ಬಿಚ್ಚಿದೆ ಅನ್ನುತ್ತಾಳೆ, ಎಂಟೂವರೆಗೆ ಅದು ಕಂಬದಲ್ಲೇ ಇತ್ತು. ತಿರುಪು ಯಾವ ಕಡೆ ಬಿಚ್ಚುತ್ತೆ ಅನ್ನುವುದೂ ಆ ಹುಡುಗಿಗೆ ಗೊತ್ತಿಲ್ಲ.

ಮಗ ಹೆಂಡತಿಯ ಕಡೆ ತಿರುಗಿದ.

"ಹಾಗಾದ್ರೆ ಉಳಿದದ್ದು..." ಎಂದವನು ಅಲ್ಲೇ ನಿಂತ. "ಆಗೋದೇ ಇಲ್ಲ. ಅಪ್ಪನ್ನ ನಾನೇ ಬಸ್‌ಸ್ಟಾಪಲ್ಲಿ ಬಿಟ್ಟು ಬಂದೆ. ಎಂಟರ ಬಸ್ಸಿಗೆ ಹೋಗಿದಾನೆ."

ಈಗ ನಾದಿನಿಗೆ ಹೊಳೆಯಿತು. ಹೊಳೆದ ಮೇಲೆ ಸುಮ್ಮನಿರುವುದು ಅವಳ ಜಾತಕದಲ್ಲೇ ಇರಲಿಲ್ಲ. "ಎಂಟರ ಬಸ್ಸು ನಿನ್ನೆ ಬಂದಿದ್ದೇ ಒಂಬತ್ತೂವರೆಗೆ" ಎಂದಳು. ಅತ್ತಿಗೆ ಅವಳ ಕಡೆ ನೋಡಿ ತಲೆದೂಗಿದರು. ಆರು ವರ್ಷದಲ್ಲಿ ಅಂಥ ಮೆಚ್ಚುಗೆ ಸಿಕ್ಕಿದ್ದು ಮೂರನೇ ಸಲ, ನಾದಿನಿ ಲೆಕ್ಕ ಇಟ್ಟಿದ್ದಳು.

ಸ್ಟಾಪಿನಲ್ಲಿ ಕಾಯುತ್ತ ಕೂತ ಅಜ್ಜನಿಗೆ ಗಾಳಿ ಎದ್ದಾಗ ಚಪ್ಪರ ನೆನಪಾಗಿದೆ ಎಂದರು ಅತ್ತಿಗೆ. ಬಸ್ಸು ಬಿಟ್ಟರೆ ಬಿಟ್ಟಿತೆಂದು ಎದ್ದು ಬಂದಿದ್ದಾರೆ. ಆಮೇಲೆ ಯಾವುದೋ ಬಸ್ಸಿಗೆ ಹೋಗಿರುತ್ತಾರೆ. ಹೊದಿಕೆಯ ಮಡಿಕೆಯನ್ನು ಉಗುರಿನಿಂದ ಗೀರುವುದು ಹಾಳೆ ಮಡಿಸಿದ ಕೈ. ಕಂಬದಲ್ಲಿದ್ದದ್ದು ಮೇಣ ಉಜ್ಜಿದ ದಾರ, ಪುಸ್ತಕ ಹೊಲಿಯುವ ದಾರ. ಬಟ್ಟೆ ಹೊಲಿಯಲು ಅದನ್ನು ಯಾರೂ ಬಳಸುವುದಿಲ್ಲ. ಹೊದಿಕೆ ಕಂಡ ಕ್ಷಣವೇ ಸೊಸೆಗೆ ಗೊತ್ತಾಗಿದೆ.

"ಗೊತ್ತಿದ್ರೂ ಯಾಕೆ ಹೇಳ್ಲಿಲ್ಲ?" ಮಗ ಕೇಳಿದ್ದು ಹೆಂಡತಿಯನ್ನು.

ಅವಳು ಉತ್ತರ ಕೊಟ್ಟದ್ದು ನೆಲಕ್ಕೆ. "ನೀವೇ ಅಂದಿದ್ರಲ್ಲ. ಇನ್ನೊಂದು ಸಲ ಏನಾದ್ರೂ ಬಿಚ್ಚಿದ್ರೆ ವಾಪಸ್ ಆ ರೂಮಿಗೇ ಕಳಿಸ್ತೀನಿ ಅಂತ."

ಆ ಕತೆ ಅಲ್ಲಿದ್ದವರಿಗೆ ಆಗಲೇ ತಿಳಿದದ್ದು. ಅಜ್ಜನದು ಬಿಚ್ಚುವ ಕೈ. ಗೋಡೆ ಗಡಿಯಾರದಿಂದ ಹಿಡಿದು ಏನು ಕೆಟ್ಟಂತೆ ಕಂಡರೂ ಸರಿಮಾಡಲು ಬಿಚ್ಚುತ್ತಿದ್ದರು, ಜೋಡಿಸಿದ ಮೇಲೆ ಎರಡು ತಿರುಪು ಮಿಗುತ್ತಿದ್ದವು. ನಾಲ್ಕು ವರ್ಷದ ಹಿಂದೆ, ಮಗ ಕೆಲಸಕ್ಕಿದ್ದ ಕಡೆಯ ವ್ಯಾನಿನ ಗೇರು ಗಡುಸಾಗಿದೆ ಎಂದು ಮಗ ಮಲಗಿದ್ದಾಗ ಬಿಚ್ಚಿದರು. ವ್ಯಾನು ಹೋಯಿತು, ಕೆಲಸ ಹೋಯಿತು, ಅಪ್ಪ ಮಗನ ಮಾತು ನಿಂತಿತು. ನಾಲ್ಕು ವರ್ಷ ಅಜ್ಜ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಈ ಹುಡುಗಿ ಮದುವೆಯಾಗಿ ಬಂದವಳೇ ಗಂಡನ ಬೆನ್ನು ಹತ್ತಿ, ಕೊನೆಗೆ ಟ್ರೇಲರ್ ಕೊಳ್ಳುವಾಗ ಅವರನ್ನು ಕರೆತಂದಿದ್ದಳು. ಬರಲಿ, ಆದರೆ ಯಾವುದನ್ನೂ ಮುಟ್ಟಕೂಡದು ಎಂಬುದು ಮಗನ ಷರತ್ತು. ಅಜ್ಜ ಒಪ್ಪಿ ಬಂದಿದ್ದರು.

"ನಿನ್ನ ಮಾತು ಮೀರಿದ್ದು ತಪ್ಪು" ಎಂದು ಅತ್ತಿಗೆ ಆ ಕೆಂಪು ಪುಸ್ತಕವನ್ನು ಮಗನ ತೊಡೆಯ ಮೇಲಿಟ್ಟರು. "ಇದನ್ನ ಓದಿದೀನಿ ಅಂದಿದ್ದೆ. ತೆಗಿ ನೋಡೋಣ."

ಅವನು ತೆರೆಯಲು ಹೋದ. ಹೊಸದಾಗಿ ಅಂಟು ಹಾಕಿದ ಬೆನ್ನು ಒಮ್ಮೆಯೂ ಬಗ್ಗಿರಲಿಲ್ಲ, ಚಟಕ್ಕನೆ ಸದ್ದಾಯಿತು. ಒಳಗೆ ಹಾಳೆಯ ಅಂಚುಗಳು ಇನ್ನೂ ಒಂದಕ್ಕೊಂದು ಕಚ್ಚಿಕೊಂಡಿದ್ದವು. ನೀರಿನ ಜೋಡಣೆಯ ಪುಟ ಹುಡುಕಿ ಓದು ಎಂದರು ಅತ್ತಿಗೆ. ಅವನು ಮೆಲ್ಲಗೆ ಓದಿದ. ರೆಗ್ಯುಲೇಟರ್ ಇಲ್ಲದೆ ನಲ್ಲಿಗೆ ಜೋಡಿಸಬಾರದು. ಮನೆಯಲ್ಲಿ ಯಾರೂ ಇಲ್ಲದಾಗ ಕಂಬದ ನಲ್ಲಿಯನ್ನು ತಪ್ಪದೆ ಮುಚ್ಚಿ ಹೋಗಬೇಕು.

"ನಿನ್ನೆ ಬೆಳಿಗ್ಗೆ ಬೀಗ ಹಾಕ್ಕೊಂಡು ಹೊರಟೋನು ನೀನು. ನಲ್ಲಿ ಮುಚ್ಚಿದ್ಯಾ?"

ಮಗ ಪುಸ್ತಕ ಮುಚ್ಚಿದ. ಆರು ದಿನದಲ್ಲಿ ಒಂದು ದಿನವೂ ಮುಚ್ಚಿರಲಿಲ್ಲ.

"ಅವರು ಇದನ್ನ ಒಂದಕ್ಷರ ಓದ್ದೆ ಹೊಲಿದ್ರು. ಓದ್ತಾ ಕೂತ್ರೆ ಬೈಂಡರ್ ಕೆಲಸ ಸಾಗಲ್ಲ, ನಲವತ್ತು ವರ್ಷದ ರೂಢಿ. ನೀನು ಓದ್ದೇನೇ ಓದಿದೀನಿ ಅಂದೆ. ಈ ಹುಡುಗಿ ಕೊಳೆಯಾಗುತ್ತೆ ಅಂತ ಸುತ್ತಿಟ್ಳು. ಪೈಪು ಒಡೆದಿದ್ದು ಮೂವರೂ ಸೇರಿ."

ರಸ್ತೆಯಲ್ಲಿ ಬಸ್ಸು ನಿಂತು ಹೊರಟ ಸದ್ದು ಕೇಳಿಸಿತು. ನಾದಿನಿಗೆ ಅತ್ತಿಗೆ ಐದೇ ಗಂಟೆ ಎಂದದ್ದರ ಮರ್ಮ ಆಗ ತಿಳಿಯಿತು. ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಬೈಂಡರ್ ಅಜ್ಜ ಕಂಡರು. ಹೆಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಕರವಸ್ತ್ರದ ಗಂಟು. ಇಷ್ಟು ಜನ ಕುರ್ಚಿ ಹಾಕಿ ಕೂತದ್ದನ್ನು ಕಂಡು ಅವರಿಗೆ ಸಂತೋಷವೇ ಆಯಿತು. ನೇರ ಸೊಸೆಯ ಹತ್ತಿರ ಬಂದು ಗುಟ್ಟು ಹೇಳುವವರಂತೆ ಬಗ್ಗಿದರು.

"ತಲೆಗೆ ನೀರು ಹಾಕ್ಕೊಂಡ್ಯಾ ಮಗಳೇ? ಈಗ ಜೋರಾಗಿ ಬರ್ತಿದೆ ಅಲ್ವಾ?"

ಅಜ್ಜ ಕರವಸ್ತ್ರ ಬಿಚ್ಚಿದರು. ರೆಗ್ಯುಲೇಟರ್ ಹೊಳೆಯುತ್ತಿತ್ತು. ತಂಗಿಯ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಕೂತು ಉಜ್ಜಿದ್ದರಂತೆ. ಒಳಗೆ ಏನೋ ಕಟ್ಟಿಕೊಂಡಿದೆ, ಅದಕ್ಕೇ ನೀರು ಸಣ್ಣಗೆ ಬರುತ್ತಿತ್ತು, ಕೆಲಸದಿಂದ ಸುಸ್ತಾಗಿ ಬಂದ ಹುಡುಗಿ ಆ ನೂಲಿನಂಥ ನೀರಿಗೆ ಅರ್ಧ ಗಂಟೆ ತಲೆಯೊಡ್ಡಿ ನಿಲ್ಲುವುದನ್ನು ನೋಡಲಾಗಲಿಲ್ಲ ಎಂದು ಹೇಳುತ್ತ ಹೇಳುತ್ತ ಅವರ ಕಣ್ಣು ಒರಗಿಸಿಟ್ಟ ಹಾಸಿಗೆಯ ಮೇಲೆ ಬಿತ್ತು. ಬಾಗಿಲಿನಿಂದ ಕಾಣುತ್ತಿದ್ದ ಉಬ್ಬಿದ ನೆಲದ ಮೇಲೆ ಬಿತ್ತು. ಹೊಲಿಗೆ ಯಂತ್ರದ ತುಕ್ಕಿನ ಕಾಲಿನ ಮೇಲೆ ಬಿತ್ತು.

ನಲವತ್ತು ವರ್ಷ ಹಾಳೆ ಎಣಿಸಿದ ಮನುಷ್ಯನಿಗೆ ಕೂಡಿಸಿ ನೋಡಲು ಬಹಳ ಹೊತ್ತು ಬೇಕಾಗಲಿಲ್ಲ. ರೆಗ್ಯುಲೇಟರನ್ನು ಕುರ್ಚಿಯ ಮೇಲೆ ಮೆಲ್ಲನೆ ಇಟ್ಟು, ಜಾರಿದ ಚೀಲವನ್ನು ಹೆಗಲಿಗೆ ಏರಿಸಿಕೊಂಡರು.

"ಆರೂವರೆಗೆ ಇನ್ನೊಂದು ಬಸ್ಸಿದೆ" ಎಂದರು. "ಆ ರೂಮಿನ್ನೂ ಖಾಲಿನೇ ಇದೆಯಂತೆ."

ಸೊಸೆ ಎದ್ದು ಅವರ ಚೀಲ ಹಿಡಿದುಕೊಂಡಳು. ಅಜ್ಜ ಬಿಡಿಸಿಕೊಳ್ಳಲು ನೋಡಿದರು. ಅವಳು ಬಿಡಲಿಲ್ಲ. ನಾದಿನಿಗೆ ಅಳು ಬಂತು, ಮುಚ್ಚಿಕೊಳ್ಳದೆ ಅತ್ತಳು. ಎಲ್ಲರೂ ಮಗನ ಕಡೆ ನೋಡುತ್ತಿದ್ದರು, ಅತ್ತಿಗೆಯೂ. ಅವರ ಕೆಲಸ ಅಲ್ಲಿಗೆ ಮುಗಿದಿತ್ತು. ಉಳಿದದ್ದು ಅವನದ್ದು.

ಮಗ ಮೊದಲು ಕೀಲಿಕೈಯ ಹತ್ತಿರ ಹೋದ. ಏನೋ ಹೇಳಿದ, ಯಾರಿಗೂ ಕೇಳಿಸಲಿಲ್ಲ. ಕೀಲಿಕೈ ಅವನ ಭುಜ ತಟ್ಟಿ, ಅಷ್ಟು ಹೊತ್ತು ಒಲ್ಲೆನೆಂದಿದ್ದ ಕುರ್ಚಿಯಲ್ಲಿ ಕೂತ. ಆಮೇಲೆ ಮಗ ಅಪ್ಪನ ಎದುರು ಬಂದು ನಿಂತ. ಬೈಯುತ್ತಾನೆ ಎಂದುಕೊಂಡು ಅಜ್ಜ ತಲೆ ತಗ್ಗಿಸಿದರು.

"ಗಾಳಿಗೆ ಚಪ್ಪರ ಹರಿಯುತ್ತೆ ಅಂತ ಬಸ್ಸು ಬಿಟ್ಟು ಬಂದ್ಯಾ?"

"ಹೊಸ ಚಪ್ಪರ ಅಲ್ವೇನಪ್ಪ" ಎಂದರು ಅಜ್ಜ, ಇಡೀ ಟ್ರೇಲರು ಇಪ್ಪತ್ತು ವರ್ಷ ಹಳೆಯದಾಗಿದ್ದರೂ.

ಮಗ ಕುರ್ಚಿಯ ಮೇಲಿದ್ದ ರೆಗ್ಯುಲೇಟರ್ ಕೈಗೆತ್ತಿಕೊಂಡ. "ಇದನ್ನ ಮಾರಲ್ಲ. ನಾಳೆ ನೆಲದ ಹಲಗೆ ಕೀಳ್ಬೇಕು, ಪೈಪು ಬದಲಾಯಿಸ್ಬೇಕು. ನನ್ನೊಬ್ಬನ ಕೈಲಾಗಲ್ಲ."

"ಯಾರನ್ನಾದ್ರೂ ಕರ್ಕೊ. ನಾನು ಮುಟ್ಟೋ ಹಾಗಿಲ್ವಲ್ಲ."

"ಬಿಚ್ಚೋದೇ ಕೆಲಸ ಅಪ್ಪ. ನಿನ್ನ ಬಿಟ್ರೆ ಯಾರಿದಾರೆ?"

ಲಾರಿಯಣ್ಣ ಮೊದಲು ನಕ್ಕ. ಅಜ್ಜ ನಗಲಿಲ್ಲ. ಮಗನ ಮುಖವನ್ನು ಅತ್ತಿತ್ತ ನೋಡಿ, ನಿಜ ಹೇಳುತ್ತಿದ್ದಾನೆಯೇ ಎಂದು ಸೊಸೆಯ ಕಡೆ ತಿರುಗಿದರು. ಅವಳು ಹೌದೆಂದು ತಲೆಯಾಡಿಸಿದಳು. ಆಗ ಅವರು ಚೀಲ ಕೈಬಿಟ್ಟರು. ಅದನ್ನು ಒಳಗಿಡಲು ಹೊರಟವಳಿಗೆ, ನೆಲ ಜಾರುತ್ತೆ, ಹುಷಾರಮ್ಮ ಎಂದರು. ಆಮೇಲೆ ಅಂಗಿಯ ತೋಳು ಮಡಚುತ್ತ, ನಾಳೆಯ ತನಕ ಯಾಕೆ ಕಾಯಬೇಕು, ಇನ್ನೂ ಒಂದೂವರೆ ಗಂಟೆ ಬೆಳಕಿದೆಯಲ್ಲ ಎಂದು ಮಗನನ್ನು ಕೇಳಿದರು.